ಅಜ್ಜಿಗೆ ಜಿಂಬಾಬ್ವೆಯ ಪ್ರಶ್ನೆಗಳು

ಜಿಂಬಾಬ್ವೆಯಲ್ಲಿ ನೂರಕ್ಕೆ ಎಷ್ಟು ಗಂಡಸರು ಸಿಗರೇಟು ಸೇದುತ್ತಾರೆ ಎಂದು ಬಾಲಕೃಷ್ಣ ಮಾವನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಪಟ್ಟಣದಲ್ಲಿ ಎಷ್ಟು, ಹಳ್ಳಿಯಲ್ಲಿ ಎಷ್ಟು, ಯಾವ ಜಿಲ್ಲೆಯಲ್ಲಿ ಹೆಚ್ಚು, ಎಲ್ಲವೂ ಬಾಯಿಪಾಠ. ಆ ದೇಶಕ್ಕೆ ಅವರು ಒಮ್ಮೆಯೂ ಹೋದವರಲ್ಲ. ಬಂಗಾಳದ ಬಾರಾನಗರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೂತು, ಅಲ್ಲಿಂದ ಬರುವ ಅಂಕಿಗಳನ್ನು ಜರಡಿ ಹಿಡಿಯುವುದು ಅವರ ಕೆಲಸ. ನಮ್ಮ ಊಟದ ಕೋಣೆಯ ಗೋಡೆಯಲ್ಲಿ ಆ ದೇಶದ ದೊಡ್ಡ ನಕ್ಷೆಯಿದೆ. ಆ ಜಾಗದಲ್ಲಿ ಚಾಮುಂಡೇಶ್ವರಿಯ ಪಟ ಹಾಕಬೇಕೆಂದು ರಾಜಲಕ್ಷ್ಮಿ ಅತ್ತೆ ಮದುವೆಯಾದಾಗಿನಿಂದ ಕೇಳುತ್ತಿದ್ದಾರೆ. ಜಿಂಬಾಬ್ವೆ ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ.

ಮಾವ ಬೀದಿಗೆ ಇಳಿದರೆ ನಮ್ಮ ಓಣಿಯ ಪಾನ್ ಅಂಗಡಿಯವನು ಬೀಡಿ ಕಟ್ಟನ್ನು ಬಿಸ್ಕತ್ತಿನ ಡಬ್ಬಿಯ ಹಿಂದೆ ಸರಿಸುತ್ತಾನೆ. ಟೋಟೋ ಎಂಬ ಬ್ಯಾಟರಿ ರಿಕ್ಷಾ ಓಡಿಸುವವರು ಮಾವನನ್ನು ಕಂಡರೆ ಬಾಯಲ್ಲಿದ್ದುದನ್ನು ನುಂಗುತ್ತಾರೆಯೇ ಹೊರತು ಉಗುಳುವುದಿಲ್ಲ. ಉಗುಳಿದರೆ ದಕ್ಷಿಣೇಶ್ವರ ಮುಟ್ಟುವವರೆಗೂ ಉಪನ್ಯಾಸ ಕೇಳಬೇಕು.

ಇಂಥ ಮಾವ ದಿನಾ ರಾತ್ರಿ ಊಟ ಮುಗಿಸಿ ಕೈ ತೊಳೆಯಲು ಎದ್ದ ಕೂಡಲೇ ಆ ನಕ್ಷೆಯ ಕೆಳಗೇ ಅವರ ತಾಯಿ ಇಂದಿರಮ್ಮ, ಅಂದರೆ ನನ್ನ ಅಜ್ಜಿ, ಎಲೆ ಅಡಿಕೆಯ ಸಂಚಿ ಬಿಚ್ಚುತ್ತಿದ್ದಳು. ಸಂಚಿಯ ಒಂದು ಅರೆಯಲ್ಲಿ ವೀಳ್ಯದೆಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ. ಎಲ್ಲಕ್ಕಿಂತ ಒಳಗಿನ ಅರೆಯಲ್ಲಿ ಕಡ್ಡಿಪುಡಿ. ಇಲ್ಲಿ ರೈಲ್ವೆಯಲ್ಲಿರುವ ನಮ್ಮ ಕಡೆಯ ಹೊನ್ನಪ್ಪನವರು ಮೈಸೂರಿಗೆ ಹೋಗಿ ಬರುವಾಗಲೆಲ್ಲ ಅದು ಕೊಡಗಿನ ಕಾಫಿಪುಡಿಯ ಜೊತೆಗೆ ಸದ್ದಿಲ್ಲದೆ ಬರುತ್ತಿತ್ತು. ಅವರು ಹೋಗದಿದ್ದಾಗ ಇಲ್ಲಿಯ ಹೆಂಗಸರು ಪಾನಿಗೆ ಹಾಕಿಕೊಳ್ಳುವ ದೊಕ್ತಾ ಎಂಬ ಹೊಗೆಸೊಪ್ಪೇ ಆಗುತ್ತಿತ್ತು. ಅದನ್ನು ತರುತ್ತಿದ್ದವಳು ನಾನೇ.

“ಹೊಗೆಸೊಪ್ಪು ಅಂದ್ರೆ ಹೊಗೆ ಬರ್ಬೇಕು ಕಣೇ. ಇದ್ರಲ್ಲಿ ಹೊಗೆ ಎಲ್ಲಿದೆ ತೋರ್ಸು,” ಎಂದು ಅಜ್ಜಿ ನನ್ನನ್ನು ಕೇಳುತ್ತಿದ್ದಳು. “ಇದು ಹಲ್ಲಿಗೆ ಔಷಧಿ. ನಮ್ಮತ್ತೆ ಹಾಕ್ಕೊಳ್ತಿದ್ರು. ತೊಂಬತ್ತು ವರ್ಷ ಬದುಕಿದ್ರು.”

“ಅವರಿಗೆ ಹಲ್ಲಿತ್ತಾ ಅಜ್ಜಿ?”

“ತಲೆಹರಟೆ.”

ನಾನು ಹುಣಸೂರಿನವಳು. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವ ಭಯಕ್ಕೆ ಹತ್ತನೆಯದನ್ನು ಅರ್ಧಕ್ಕೆ ಬಿಟ್ಟೆ. ಅತ್ತೆಗೆ ಆಫೀಸು, ಅಜ್ಜಿಗೆ ಜೊತೆ ಬೇಕು ಎಂದು ಮಾವ ಇಲ್ಲಿಗೆ ಕರೆತಂದರು. “ಹೆಸರು ಶ್ರಾವ್ಯಾ, ಕೇಳಿಸೋದು ಮಾತ್ರ ಏನೂ ಇಲ್ಲ,” ಎಂದು ಅವರು ಮನೆಗೆ ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಕೊಡುತ್ತಾರೆ. ಮಾತಾಡದವರಿಗೆ ನೋಡುವುದಕ್ಕೆ ಸಮಯ ಸಿಗುತ್ತದೆ. ಇಲ್ಲಿಯ ನವರಾತ್ರಿ ಪೂಜೆಯ ರಜೆ ಮುಗಿದ ಮೇಲೆ ಅಜ್ಜಿ ಸಾರಿಗೆ ಮೊಸರು ಬೆರೆಸಿಕೊಳ್ಳತೊಡಗಿದ್ದನ್ನು ನೋಡಿದೆ. ಆಮೇಲೆ ಸಾರನ್ನೇ ಬಿಟ್ಟಳು. ಒಂದು ಮಧ್ಯಾಹ್ನ ಅವಳು ಕನ್ನಡಿಯ ಮುಂದೆ ಎಡಗೆನ್ನೆಯನ್ನು ಬೆರಳಿನಿಂದ ಎಳೆದು ನೋಡಿಕೊಳ್ಳುತ್ತಿದ್ದಾಗ ನಾನೂ ಹಿಂದಿನಿಂದ ನೋಡಿಬಿಟ್ಟೆ. ಕೆನ್ನೆಯ ಒಳಗೆ ಗೋಡೆಗೆ ಸುಣ್ಣ ಹಚ್ಚಿದಂತೆ ಬಿಳಿ ಮಚ್ಚೆ, ಅದರ ಅಂಚಿನಲ್ಲಿ ಕೆಂಪು ಹುಣ್ಣು.

ಅಜ್ಜಿ ನನ್ನ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. “ನಿನ್ನ ಮಾವಂಗೆ ಒಂದಕ್ಷರ ಹೇಳಿದ್ರೆ ನನ್ನ ಮೇಲಾಣೆ.”

“ಡಾಕ್ಟ್ರಿಗಾದ್ರೂ…”

“ಡಾಕ್ಟ್ರು ಮೊದ್ಲು ಕೇಳೋದು ಮಗ ಏನ್ಮಾಡ್ತಾನೆ ಅಂತ. ಏನು ಹೇಳ್ಲಿ? ನನ್ ಮಗ ಊರಿಗೆಲ್ಲ ಹೊಗೆಸೊಪ್ಪು ಬಿಡಿಸ್ತಾನೆ ಅನ್ಲಾ? ಅವ್ನ ಮರ್ಯಾದೆ ಏನಾಗ್ಬೇಕು?”

ಹಾಗೆ ಮಗನ ಮರ್ಯಾದೆಯೂ ಕೆನ್ನೆಯ ಹುಣ್ಣೂ ಅಜ್ಜಿಯ ಬಾಯೊಳಗೆ ಒಟ್ಟಿಗೆ ಉಳಿದವು. ಒಂದು ತಿಂಗಳಾದರೂ ಹುಣ್ಣು ಮಾಯಲಿಲ್ಲ. ಅಜ್ಜಿ ತುತ್ತನ್ನು ಬಲಗಡೆಗೇ ತಳ್ಳಿಕೊಂಡು ಉಣ್ಣುವುದನ್ನು ನೋಡುತ್ತ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆಣೆ ಮುರಿದರೆ ಅಜ್ಜಿಗೆ ಏನಾದರೂ ಆಗುತ್ತದೆಂಬ ಭಯ. ಮುರಿಯದಿದ್ದರೆ ಆಗುವುದು ಕಣ್ಣೆದುರಿಗೇ ಇತ್ತು.

ಹೀಗಿರುವಾಗ ರುತೆಂಡೋ ಬಂದರು.

ರುತೆಂಡೋ ಮಾವನ ವಿದ್ಯಾರ್ಥಿನಿ, ಜಿಂಬಾಬ್ವೆಯವರು. ತಮ್ಮ ದೇಶದಲ್ಲಿ ಮನೆ ಮನೆಗೆ ಹೋಗಿ ಹೊಗೆಸೊಪ್ಪಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲಿ ತಯಾರು ಮಾಡುತ್ತಿದ್ದರು. ಅಲ್ಲಿ ಹೆಂಗಸರು ಸಿಗರೇಟು ಸೇದುವುದು ಕಡಿಮೆ, ಆದರೆ ವಯಸ್ಸಾದವರು ನಶ್ಯವನ್ನು ಮೂಗಿಗೆ ಏರಿಸುತ್ತಾರೆ, ಕೆಲವರು ತುಟಿಯ ಒಳಗೆ ಇಟ್ಟುಕೊಳ್ಳುತ್ತಾರೆ ಎಂದು ಅವರ ವಾದ. “ಅಂಕಿ ಅಂಶದಲ್ಲಿ ಕಾಣ್ತಾ ಇಲ್ವಲ್ಲ,” ಎಂದು ಮಾವನ ವಾದ. ನಶ್ಯದ ಪ್ರಶ್ನೆಗಳನ್ನು ತೆಗೆಯಬೇಕೋ ಇಡಬೇಕೋ ಎಂದು ಇಬ್ಬರೂ ನಮ್ಮ ಮನೆಯಲ್ಲಿ ಚಹಾ ಆರುವವರೆಗೆ ಜಗಳವಾಡುತ್ತಿದ್ದರು. ಕಡೆಗೆ ಮಾವ, “ಮೊದಲು ಯಾರನ್ನಾದರೂ ಕೇಳಿ ಅಭ್ಯಾಸ ಮಾಡು. ನಮ್ಮಮ್ಮನ್ನೇ ಕೇಳು. ಎಲ್ಲದಕ್ಕೂ ಇಲ್ಲ ಅಂತಾಳೆ, ಬೇಗ ಮುಗಿಯುತ್ತೆ,” ಎಂದರು.

ಭಾನುವಾರ ಬೆಳಿಗ್ಗೆ ಅಜ್ಜಿ ರೇಷ್ಮೆ ಸೀರೆ ಉಟ್ಟು ಕೂತಳು. ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಲು ಹೋದರು.

“ಸರ್, ಮನೆಯವರು ಯಾರೂ ಕೋಣೆಯಲ್ಲಿ ಇರಬಾರದು,” ಎಂದರು ರುತೆಂಡೋ.

“ಅದು ಅಲ್ಲಿಗೆ. ಇದು ಬರೀ ಅಭ್ಯಾಸ.”

“ನಿಯಮ ನೀವೇ ಬರೆದಿದ್ದು, ಸರ್.”

ಮಾವನ ಮುಖ ನೋಡಬೇಕಿತ್ತು. ಅತ್ತೆ ಅಡುಗೆಮನೆಯಿಂದ, “ಬನ್ರೀ, ನಿಯಮದವ್ರೇ, ನಲೇನ್ ಗುಡದ ಸಂದೇಶ್ ಮಿಠಾಯಿ ತರೋಣ,” ಎಂದು ಕರೆದುಕೊಂಡು ಹೊರಟರು. ಕನ್ನಡದಿಂದ ದಾಟಿಸಲು ಯಾರಾದರೂ ಬೇಕಿತ್ತು. ರುತೆಂಡೋ ಅವರಿಗೆ ಬಜಾರಿನ ಹಿಂದಿ ಬರುತ್ತಿತ್ತು, ನನಗೂ ಅಷ್ಟೇ. ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಮಾವ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಇವಳ ಬಾಯಿಂದ ಮಾತು ಹೊರಡಿಸಿದ್ರೆ ನಿನಗೆ ಡಿಗ್ರಿ ಇವತ್ತೇ ಕೊಡ್ತೀನಿ,” ಎಂದು ರುತೆಂಡೋ ಅವರಿಗೆ ಹೇಳಿ ಹೋದರು.

ಪ್ರಶ್ನೆಗೆ ಮುಂಚೆ ಒಂದು ಮಾತು ಹೇಳಬೇಕೆಂಬ ಕಟ್ಟಳೆ ಇತ್ತು. ರುತೆಂಡೋ ಹೇಳಿದ್ದನ್ನು ನಾನು ಅಜ್ಜಿಗೆ ಹೇಳಿದೆ. “ನೀನು ಏನು ಹೇಳಿದ್ರೂ ಯಾರಿಗೂ ಹೇಳಲ್ವಂತೆ ಅಜ್ಜಿ. ಗಂಡನಿಗೂ ಇಲ್ಲ, ಮಕ್ಕಳಿಗೂ ಇಲ್ಲ.”

ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. “ಬಾಲೂಗೂ?”

“ಅವರಿಗೂ.”

“ಅವ್ನು ಇವಳ ಮೇಷ್ಟ್ರಲ್ವೇ? ಗದರಿಸಿ ಕೇಳಿದ್ರೆ?”

ನಾನು ಕೇಳಿದೆ. ರುತೆಂಡೋ ನಕ್ಕರು. “ಕೇಳೋ ಹಾಗಿಲ್ಲ. ಕೇಳಿದರೆ ಅವರದೇ ತಪ್ಪು.”

“ಪರವಾಗಿಲ್ವೇ!” ಎಂದಳು ಅಜ್ಜಿ, ಜೀವನದಲ್ಲಿ ಮೊದಲ ಸಲ ಮಗನ ಕೆಲಸವನ್ನು ಮೆಚ್ಚಿಕೊಂಡವಳಂತೆ.

ಆದರೂ ಪ್ರಶ್ನೆ ಶುರುವಾದ ಮೇಲೆ ಅಭ್ಯಾಸ ಬಿಡಬೇಕಲ್ಲ. ತಂಬಾಕನ್ನು ಯಾವುದಾದರೂ ರೂಪದಲ್ಲಿ ಬಳಸುತ್ತೀರಾ? “ಶಿವಶಿವಾ, ನಮ್ಮ ವಂಶದಲ್ಲೇ ಇಲ್ಲ.” ಸಿಗರೇಟು? “ಥೂ.” ನಶ್ಯ? “ಇಲ್ಲ.” ಅಗಿಯುವುದು? “ಇಲ್ಲ,” ಎನ್ನುತ್ತ ಅಜ್ಜಿ ಬಾಯಲ್ಲಿದ್ದುದನ್ನು ಬಲದಿಂದ ಎಡಕ್ಕೆ ಹೊರಳಿಸಿ, ನೋವಿಗೆ ಮುಖ ಕಿವುಚಿದಳು. ನಾನು ಇಲ್ಲ ಇಲ್ಲ ಎಂದು ಹಿಂದಿಯಲ್ಲಿ ಹೇಳುತ್ತ ಹೋದೆ. ಹೇಳಿದ್ದನ್ನಷ್ಟೇ ಹೇಳಬೇಕು, ಸೇರಿಸಬಾರದು ಎಂದು ನನಗೂ ಕಟ್ಟಪ್ಪಣೆಯಾಗಿತ್ತು.

ರುತೆಂಡೋ ಅಜ್ಜಿಯ ಕೆನ್ನೆಯನ್ನೇ ನೋಡುತ್ತಿದ್ದರು. ಪೆನ್ನು ಕೆಳಗಿಟ್ಟರು. ಚೀಲಕ್ಕೆ ಕೈಹಾಕಿ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದರು. ಬಣ್ಣ ಹೋಗಿ ಅಂಚು ನೆಗ್ಗಿದ ಡಬ್ಬಿ. ಅದರ ಮುಚ್ಚಳ ತೆಗೆದು ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ಇಟ್ಟರು.

“ಇದು ನಮ್ಮ ಅಮ್ಮನ ಅಕ್ಕನದು. ಅವರನ್ನು ನಾವು ‘ಮಾಯ್‌ಗುರು’ ಅಂತ ಕರೀತೀವಿ. ದೊಡ್ಡ ಅಮ್ಮ.”

“ದೊಡ್ಡಮ್ಮ,” ಎಂದಳು ಅಜ್ಜಿ ತಕ್ಷಣ. ಡಬ್ಬಿಯನ್ನು ಎತ್ತಿ ಮೂಸಿದಳು. ಪುಡಿ ಖಾಲಿಯಾಗಿ ಎಷ್ಟು ಕಾಲವಾಗಿತ್ತೋ, ವಾಸನೆ ಮಾತ್ರ ಹಾಗೇ ಇತ್ತು. ಅಜ್ಜಿಯ ಮೂಗು ಅರಳಿತು. “ಒಳ್ಳೇ ಮಾಲು.”

ನಮ್ಮ ಕಡೆಯ ಹೆಂಗಸರಲ್ಲಿ ಒಂದು ಮರ್ಯಾದೆಯಿದೆ. ಒಬ್ಬರು ಸಂಚಿ ಬಿಚ್ಚಿ ಮುಂದಿಟ್ಟರೆ ಇನ್ನೊಬ್ಬರು ತಮ್ಮದನ್ನು ಕಟ್ಟಿಕೊಂಡೇ ಕೂರುವಂತಿಲ್ಲ. ಕೂತರೆ ಜಿಪುಣಿ ಎನ್ನುತ್ತಾರೆ, ಜಗಳವಿದೆ ಎಂದೂ ತಿಳಿಯುತ್ತಾರೆ. ಪ್ರಶ್ನೆಗಳಿಗೆ ಬಗ್ಗದ ಅಜ್ಜಿ ಆ ಡಬ್ಬಿಗೆ ಬಗ್ಗಿದಳು. ಸೊಂಟದಿಂದ ಸಂಚಿ ತೆಗೆದು, ದಾರ ಸಡಿಲಿಸಿ, ಎಲ್ಲಕ್ಕಿಂತ ಒಳಗಿನ ಅರೆಯನ್ನೇ ಹೊರಕ್ಕೆ ಮಗುಚಿ ರುತೆಂಡೋ ಅವರ ಮುಂದೆ ಹಿಡಿದಳು. “ತಗೋಮ್ಮಾ. ನಮ್ದು ಮೈಸೂರಿಂದು. ಇಲ್ಲಿ ದೊಕ್ತಾ ಅಂತ ಒಂದು ಸಿಗುತ್ತೆ, ಬರೀ ಹುಲ್ಲು.”

ಆಮೇಲೆ ಅಜ್ಜಿಗೇ ಹೊಳೆದಿರಬೇಕು. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ರುತೆಂಡೋ ಪೆನ್ನು ಮುಟ್ಟಲಿಲ್ಲ. ತಮ್ಮ ದೊಡ್ಡಮ್ಮನ ಕಥೆ ಹೇಳಿದರು. ಆಕೆ ಹಳ್ಳಿಯಲ್ಲಿದ್ದರು. ಬೆಳಿಗ್ಗೆ ಎದ್ದು ಒಂದು ಚಿಟಿಕೆ ನಶ್ಯವನ್ನು ತೀರಿಹೋದ ಹಿರಿಯರ ಹೆಸರಲ್ಲಿ ನೆಲಕ್ಕೆ ಹಾಕಿ, ಇನ್ನೊಂದು ಚಿಟಿಕೆಯನ್ನು ತುಟಿಯ ಒಳಗೆ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಸಮೀಕ್ಷೆಯವರು ಬಂದು, ನೀವು ಹೊಗೆ ಸೇದುತ್ತೀರಾ ಎಂದು ಕೇಳಿದರು. ಇಲ್ಲ ಎಂದರು. ಅದು ಸುಳ್ಳಲ್ಲ. ಮುಂದೆ ತುಟಿಯ ಒಳಗೆ ಹುಣ್ಣಾಯಿತು. ತಲೆಗೆ ಕಟ್ಟಿದ ಬಟ್ಟೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಿದ್ದರು. ಹಿರಿಯರಿಗೆ ಕೊಡುವ ವಸ್ತುವಿನಿಂದ ಕೆಡುಕಾಯಿತು ಎಂದರೆ ಹಿರಿಯರಿಗೇ ಅವಮಾನ ಎಂದು ಯಾರಿಗೂ ತೋರಿಸಲಿಲ್ಲ. ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ತಡವಾಗಿತ್ತು.

“ಸರ್ ಹತ್ತಿರ ಇರುವ ಅಂಕಿಗಳಲ್ಲಿ ನಮ್ಮ ದೊಡ್ಡಮ್ಮ ತಂಬಾಕು ಮುಟ್ಟದ ಹೆಂಗಸು,” ಎಂದರು ರುತೆಂಡೋ.

ಇದನ್ನೆಲ್ಲ ನಾನು ಕನ್ನಡಕ್ಕೆ ತರುತ್ತಿದ್ದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳುತ್ತಿತ್ತು. ಅಜ್ಜಿ ಡಬ್ಬಿಗೆ ಮುಚ್ಚಳ ಹಾಕಿ ರುತೆಂಡೋ ಕಡೆ ಸರಿಸಿದಳು.

“ಖಾರ ಸೇರ್ತಿರ್ಲಿಲ್ಲ, ಅಲ್ವಾ ಅವ್ರಿಗೆ?”

“ಕೊನೆಗೆ ಗಂಜಿ ಮಾತ್ರ.”

“ನಂಗೂ ಸಾರು ಸೇರಲ್ಲ ಕಣಮ್ಮಾ ರುಕ್ಕೂ,” ಎಂದಳು ಅಜ್ಜಿ. ರುತೆಂಡೋ ಎಂಬ ಹೆಸರು ಆ ಕ್ಷಣದಿಂದ ನಮ್ಮ ಮನೆಯಲ್ಲಿ ರುಕ್ಕು ಆಯಿತು. ಆಮೇಲೆ ಅಜ್ಜಿ ಎಲ್ಲವನ್ನೂ ಹೇಳಿದಳು. ಯಾವಾಗ ಶುರು ಮಾಡಿದ್ದು, ದಿನಕ್ಕೆ ಎಷ್ಟು, ಹುಣ್ಣು ಯಾವಾಗ ಕಂಡದ್ದು.

ಮಾವ ಸಂದೇಶ್ ಡಬ್ಬಿ ಹಿಡಿದು ಬಂದವರೇ, “ಹೇಗಾಯ್ತು? ಎಲ್ಲಾ ಇಲ್ಲ ತಾನೇ?” ಎಂದರು.

“ಹೇಳುವ ಹಾಗಿಲ್ಲ, ಸರ್.”

“ಅಭ್ಯಾಸ ಅಲ್ವೇನಮ್ಮಾ!”

“ನಿಯಮ, ಸರ್.”

ಮಾವ ನನ್ನ ಕಡೆ ತಿರುಗಿದರು. “ಶ್ರಾವ್ಯಾ?” ನಾನು ಎಂದಿನಂತೆ ಸುಮ್ಮನಿದ್ದೆ. ಸುಮ್ಮನಿರುವುದು ಅಷ್ಟು ಸುಖವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಜ್ಜಿ ಒಂದು ಸಂದೇಶ್ ಬಾಯಿಗಿಟ್ಟುಕೊಂಡು, “ನನ್ನ ಮೈಸೂರಿನ ಮನೆ, ಮದುವೆ, ಎಲ್ಲಾ ಕೇಳಿದ್ಲು ಕಣೋ. ನೀನು ಇಷ್ಟು ವರ್ಷದಲ್ಲಿ ಒಂದಿನಾ ಕೇಳ್ಲಿಲ್ಲ,” ಎಂದಳು. ಆ ವಾರವೆಲ್ಲ ಮಾವ ಊಟದ ಮಧ್ಯೆ, “ಹಾಗಾದ್ರೆ ಆ ಪ್ರಶ್ನೆಗಳು ಉಪಯೋಗಕ್ಕೆ ಬಂದ್ವು ಅಂತೀಯಾ ಅಮ್ಮಾ?” ಎಂದು ಬಳಸಿ ಬಳಸಿ ಕೇಳುವರು. “ರುಕ್ಕೂನ ಕೇಳು,” ಎನ್ನುವಳು ಅಜ್ಜಿ.

ನಗೆಯೆಲ್ಲ ಸರಿ, ಹುಣ್ಣು ಹಾಗೇ ಇತ್ತು. ರುತೆಂಡೋ ಮಧ್ಯಾಹ್ನ ಮಾವ ಇಲ್ಲದ ಹೊತ್ತಿಗೆ ಬರುವರು. “ನಾನು ಯಾರಿಗೂ ಹೇಳುವ ಹಾಗಿಲ್ಲ. ಆದರೆ ನಿಮ್ಮ ಜೊತೆ ಆಸ್ಪತ್ರೆಯವರೆಗೆ ನಡೆದುಕೊಂಡು ಬರಬಾರದು ಅಂತ ನಿಯಮ ಇಲ್ಲ,” ಎನ್ನುವರು. ಅಜ್ಜಿ ನಾಳೆ ಎನ್ನುವಳು. ಒಂದು ದಿನ ಬಿಸಿ ಹಾಲು ಕುಡಿದವಳು ಲೋಟ ಕೆಳಗಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಹಾಲೂ ಉರಿಯತೊಡಗಿತ್ತು.

“ಬಾಲೂಗೆ ಕಾಳಿಘಾಟಿಗೆ ಹೋಗ್ತೀವಿ ಅಂತ ಹೇಳು,” ಎಂದಳು.

ಕಾಳಿಘಾಟಿನ ಹೆಸರು ಹೇಳಿ ಹೋಗದಿದ್ದರೆ ಆ ತಾಯಿ ಬಿಡುತ್ತಾಳೆಯೇ? ಹಾಗಾಗಿ ಮೊದಲು ನಿಜವಾಗಿಯೇ ಹೋಗಬೇಕಾಯಿತು. ಬಾರಾನಗರದಲ್ಲಿ ಮೆಟ್ರೋ ಹತ್ತಿ ಕಾಳಿಘಾಟಿನಲ್ಲಿ ಇಳಿದೆವು. ದಾಸವಾಳದ ಮಾಲೆ, ಪೇಡ, ಪೂಜೆ ಮಾಡಿಸುವ ಪಂಡಾ ಜೊತೆ ಅಜ್ಜಿಯ ಚೌಕಾಸಿ, ಎಲ್ಲಾ ಆಯಿತು. ರುತೆಂಡೋ ಹೊರಗೆ ನಮ್ಮ ಚಪ್ಪಲಿ ಕಾಯುತ್ತ ನಿಂತಿದ್ದರು. ಹೂವಿನ ಅಂಗಡಿಯವಳು ಯಾರಿವಳು ಎಂದು ಕೇಳಿದ್ದಕ್ಕೆ ಅಜ್ಜಿ, “ಆಮಾದೇರ್ ಮೇಯೇ,” ನಮ್ಮ ಹುಡುಗಿ, ಎಂದು ಹೇಳಿ ಪೇಡದ ದೊನ್ನೆಯನ್ನು ರುತೆಂಡೋ ಕೈಗಿಟ್ಟಳು.

ಅಲ್ಲಿಂದ ಆಟೋದಲ್ಲಿ ಅಲಿಪುರದ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಹಲ್ಲಿನ ವಿಭಾಗದ ಡಾಕ್ಟರು ಬಂಗಾಳಿ ಹೆಂಗಸು, ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. “ತಂಬಾಕು ಇದೆಯಾ ಮಾಶೀಮಾ?” ಎಂದು ಚಿಕ್ಕಮ್ಮನನ್ನು ಮಾತಾಡಿಸುವಂತೆ ಕೇಳಿದರು.

“ನಾ, ನಾ,” ಎಂದಳು ಅಜ್ಜಿ.

ರುತೆಂಡೋ ಸೂರಿನ ಫ್ಯಾನ್ ನೋಡಿದರು. ನಾನು ರುತೆಂಡೋ ಅವರನ್ನು ನೋಡಿದೆ. ಡಾಕ್ಟರು ಅಜ್ಜಿಯ ಹಲ್ಲುಗಳ ಬಣ್ಣ ನೋಡಿ ಮತ್ತೆ ಕೇಳಲಿಲ್ಲ. ದೀಪ ಹಿಡಿದು ಕೆನ್ನೆಯನ್ನು ಹಿಂದೆ ಮುಂದೆ ಸರಿಸಿ ನೋಡಿದರು. ಈಗಲೇ ಬಂದದ್ದು ಒಳ್ಳೆಯದಾಯಿತು, ಇದು ಇನ್ನೂ ಕೆಟ್ಟ ಕಾಯಿಲೆ ಅನ್ನಿಸುವುದಿಲ್ಲ, ಆದರೆ ಬಿಟ್ಟರೆ ಆಗಬಹುದು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. “ಮನೆಯಿಂದ ದೊಡ್ಡವರು ಯಾರಾದರೂ ಬರಲಿ.”

“ಮನೇಲಿ ನನಗಿಂತ ದೊಡ್ಡವ್ರು ಯಾರೂ ಇಲ್ಲ,” ಎಂದಳು ಅಜ್ಜಿ.

“ಮಗ ಇದ್ದಾರಾ?”

ನಾವು ಹೊರಗಿನ ಬೆಂಚಿಗೆ ಬಂದು ಕೂತೆವು. ಅಜ್ಜಿ ತನ್ನ ಫೋನನ್ನು ನನ್ನ ಕಡೆ ಚಾಚಿದಳು. “ನೀನೇ ಮಾಡು. ನೀನೇ ಹೇಳು.”

ನಾನು ಕೈ ಚಾಚಲಿಲ್ಲ. “ನಾನು ಹೇಗೆ ಹೇಳ್ಲಿ ಅಜ್ಜಿ? ಆಣೆ ಇದ್ಯಲ್ಲ.”

“ಆ ಆಣೆ ವಾಪಸ್ ತಗೊಂಡೆ.”

“ನಿನ್ನ ತಲೆ ಮೇಲೆ ಇಟ್ಟಿದ್ದು. ವಾಪಸ್ ತಗೊಂಡು ನಿಂಗೇನಾದ್ರೂ ಆದ್ರೆ?”

“ಮೂಕಿ ಮೂಕಿ ಅಂತ ತಂದಿಟ್ಕೊಂಡ್ವಿ,” ಎಂದು ಅಜ್ಜಿ ಗೊಣಗಿ ರುತೆಂಡೋ ಕಡೆ ನೋಡಿದಳು. ಅವರು ಎರಡೂ ಕೈ ಎತ್ತಿದರು. ನಿಯಮ. ಅಜ್ಜಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಒರೆಸಿ, ಮತ್ತೆ ಒರೆಸಿ, ಕಡೆಗೆ ಒತ್ತಿದಳು.

“ಬಾಲೂ, ನಾನು ಕಣೋ… ಕಾಳಿಘಾಟ್ ಆಯ್ತು… ಪ್ರಸಾದ ಇದೆ… ಇಲ್ಲ, ಆಸ್ಪತ್ರೇಲಿದೀನಿ. ಬಿದ್ದಿಲ್ಲ. ನೀನು ಬಂದ್ರೆ… ರುಕ್ಕೂಗೆ ಹೇಳಿದ್ನಲ್ಲ, ಅದೇ ವಿಷಯ. ಬಾ, ನೀನೇ ಕೇಳ್ಕೋ.”

ಮಾವ ಮೆಟ್ರೋದಲ್ಲಿ ಬಂದರು. ಷರ್ಟಿನ ಒಂದು ಗುಂಡಿ ತಪ್ಪಿತ್ತು. ಬರುವಾಗಲೇ ಹಲ್ಲಿನ ವಿಭಾಗದ ಫಲಕ ನೋಡಿದ್ದರೆಂದು ಕಾಣುತ್ತದೆ. ಬಾಯಿಯ ಪಟ ಹಾಕಿ, ಎಂಥೆಂಥ ಹುಣ್ಣಿಗೆ ಏನೇನು ಕಾರಣ ಎಂದು ಬರೆದ ಗೋಡೆಯನ್ನು ದಾಟಿಯೇ ಬರಬೇಕಿತ್ತು. ರುತೆಂಡೋ ಎದ್ದು ನಿಂತರು. ಮಾವ ಅವರನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ಅಜ್ಜಿಯ ಪಕ್ಕ ಕೂತರು. ಸಭೆಯಲ್ಲಿ ಮಾತಾಡುವ ದನಿಯಲ್ಲಿ ಶುರುಮಾಡಿದರು.

“ಅಮ್ಮಾ, ನೀನು ತಂಬಾಕನ್ನ ಯಾವುದಾದ್ರೂ ರೂಪದಲ್ಲಿ ಬಳಸ್ತೀಯಾ?”

“ಇಲ್ಲಪ್ಪ,” ಎಂದಳು ಅಜ್ಜಿ.

ಬೇಕೆಂದು ಹೇಳಿದ್ದಲ್ಲ. ಅಷ್ಟು ದೂರದಿಂದ ಮಗನನ್ನು ಕರೆಸಿ, ಹೇಳಲೇಬೇಕೆಂದು ಕೂತು, ಆ ಪ್ರಶ್ನೆ ಬಂದ ಕೂಡಲೇ ಬಾಯಿ ತಾನಾಗಿ ಇಲ್ಲ ಅಂದಿತ್ತು. ಅಜ್ಜಿಯೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರುತೆಂಡೋ ಅವರಿಗೆ ಕನ್ನಡ ಬರದಿದ್ದರೂ ಪ್ರಶ್ನೆ ಯಾವುದೆಂದೂ ಉತ್ತರ ಏನೆಂದೂ ತಿಳಿದುಹೋಯಿತು.

ಮಾವ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ರುತೆಂಡೋ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಮೆಲ್ಲಗೆ, “ಆ ನಶ್ಯದ ಪ್ರಶ್ನೆಗಳು ಇರಲಿ. ಈ ಮೊದಲನೇದನ್ನ ಬದಲಾಯಿಸೋಣ,” ಎಂದರು.

“ಏನಂತೆ?” ಎಂದು ಅಜ್ಜಿ ನನ್ನನ್ನು ಕೇಳಿದಳು.

“ಪ್ರಶ್ನೆ ಸರಿ ಇಲ್ವಂತೆ ಅಜ್ಜಿ.”

“ನಾನು ಅವತ್ತೇ ಅಂದ್ಕೊಂಡೆ.”

ಮಾವನಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಬೆಂಚಿನಿಂದ ಇಳಿದು ಅಜ್ಜಿಯ ಎದುರು ಮೊಣಕಾಲೂರಿ ಕೂತರು. ಓಡಾಡುವವರೆಲ್ಲ ಬಳಸಿಕೊಂಡು ಹೋಗುತ್ತಿದ್ದರು. ಫೋನಿನ ದೀಪ ಹಚ್ಚಿದರು.

“ಅಮ್ಮಾ, ಎಲ್ಲಿ, ಆ ಅನ್ನು.”

“ಜನ ನೋಡ್ತಾರೆ ಕಣೋ.”

“ನೋಡ್ಲಿ. ಆ ಅನ್ನು.”

ಅಜ್ಜಿ ಸೆರಗು ಸರಿಸಿ ಬಾಯಿ ತೆರೆದಳು. ಮಾವ ಅವಳ ಗಲ್ಲವನ್ನು ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

“ಯಾವಾಗ್ಲಿಂದ ಅಮ್ಮಾ ಇದು?”

ಬಾಯಿ ತೆರೆದೇ ಇದ್ದ ಅಜ್ಜಿಗೆ ಉತ್ತರ ಹೇಳಲಾಗಲಿಲ್ಲ. ಅವಳು ಕೈ ಎತ್ತಿ ನನ್ನ ಕಡೆ ಬೆರಳು ತೋರಿಸಿದಳು. ಮಾವ ತಿರುಗಿ ನನ್ನನ್ನು ನೋಡಿದರು. ನಾನು ಎದ್ದು ನಿಂತು ಹೇಳತೊಡಗಿದೆ.